ಏನ್ ತಾಗ್ತು ಅಂತ ಕೇಳುತ್ತಿದ್ದವರು

ಯಾರ ಕಣ್ಣು ಕೆಂಪಾಗಿದ್ದರೂ ದೊಡ್ಡವ್ವ ಅವರನ್ನು ಮೊದಲು ಕೊಟ್ಟಿಗೆಯ ಮುಂದೆ, ಬೆಳಗಿನ ಬಿಸಿಲಿಗೆ ಮುಖ ಮಾಡಿ ನಿಲ್ಲಿಸುತ್ತಿದ್ದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ರೆಪ್ಪೆ ಎತ್ತಿ, ತಮ್ಮ ಉಸಿರು ತಾಗಬಾರದೆಂದು ಬಾಯಿ ಬಿಗಿಹಿಡಿದು ನೋಡುತ್ತಿದ್ದರು. ನೋಡಿ ಮುಗಿದ ಮೇಲೆ ಒಂದು ಹೆಜ್ಜೆ ಹಿಂದೆ ಸರಿದು ಒಂದೇ ಪ್ರಶ್ನೆ ಕೇಳುತ್ತಿದ್ದರು: "ಏನ್ ತಾಗ್ತು?"

ಏನೂ ತಾಗಿಲ್ಲ, ಬೆಳಿಗ್ಗೆ ಏಳುವಾಗಲೇ ರೆಪ್ಪೆ ಅಂಟಿಕೊಂಡಿತ್ತು ಎಂದರೆ ಹಿತ್ತಾಳೆಯ ಒಳಲೆ ಹೊರಗೆ ಬರುತ್ತಿತ್ತು. ಕಬ್ಬಿನ ಸೋಗೆ ತಾಗಿತು, ಭತ್ತದ ತೆನೆ ತಾಗಿತು ಎಂದರೆ ಅವರು ಮನೆಯೊಳಕ್ಕೆ ಹೋಗುತ್ತಲೇ ಇರಲಿಲ್ಲ. "ಇದು ನಮ್ದಲ್ಲ. ಬಸ್ ಅತ್ತು" ಎನ್ನುತ್ತಿದ್ದರು. ಬಂದವರು ಕೆಲಸವಿದೆ, ಸಂಜೆಗೆ ನೋಡೋಣ ಎಂದು ಗೊಣಗಿದರೆ ಅವರ ಜೊತೆ ತಾವೇ ರಸ್ತೆವರೆಗೆ ನಡೆದುಹೋಗಿ ಶ್ರೀರಂಗಪಟ್ಟಣದ ಬಸ್ಸಿಗೆ ಕೈ ಎತ್ತುತ್ತಿದ್ದರು. ಅಲ್ಲಿ ಸ್ಟಾಪ್ ಇರಲಿಲ್ಲ. ಆದರೂ ಅವರು ಕೈ ಎತ್ತಿದರೆ ಬಸ್ಸು ನಿಲ್ಲುತ್ತಿತ್ತು.

ಅರಕೆರೆಯಲ್ಲಿ ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ರಕ್ತಸಂಬಂಧವೇನೂ ಇಲ್ಲದಿದ್ದರೂ ನಾನು ಅವರನ್ನು ದೊಡ್ಡವ್ವ ಎನ್ನುತ್ತಿದ್ದೆ. ಹೋದ ತಿಂಗಳು ತೀರಿಕೊಂಡರು. ಅವರ ವಿಷಯ ನಾನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದೇ ಹೆಚ್ಚು.

ಒಳಲೆ ಎಂದರೆ ಕೂಸುಗಳಿಗೆ ಹಾಲು, ಔಷಧಿ ಕುಡಿಸುವ ಸಣ್ಣ ಹಿತ್ತಾಳೆ ಬಟ್ಟಲು. ಅದರ ಒಂದು ಕಡೆ ಕೊಕ್ಕಿನಂತೆ ಚೂಪಾಗಿರುತ್ತದೆ. ದೊಡ್ಡವ್ವ ಅದನ್ನು ತವರಾದ ದೇವಲಾಪುರದಿಂದ ತಂದಿದ್ದರು. ಅದು ಮಳೆಯನ್ನೇ ನಂಬಿದ ಸೀಮೆ, ಬೇಸಿಗೆಯಲ್ಲಿ ಧೂಳು, ಧೂಳಿಗೆ ಕಣ್ಣುನೋವು. ಅಲ್ಲಿ ಅವರ ತಾಯಿ ಹಸಿಬಾಣಂತಿಯರ ಎದೆಹಾಲನ್ನು ಒಳಲೆಗೆ ಕರೆಸಿಕೊಂಡು ನೋಯುವ ಕಣ್ಣಿಗೆ ಎರಡು ಹನಿ ಬಿಡುತ್ತಿದ್ದರಂತೆ. ಮಗಳು ಮದುವೆಯಾಗಿ ಬಂದಾಗ ಬಟ್ಟಲೂ ಬಂತು, ಕೆಲಸವೂ ಬಂತು.

ಅವರ ಕಟ್ಟುಪಾಡುಗಳನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಒಳಲೆಯನ್ನು ಪ್ರತಿ ಸಲ ಕುದಿಯುವ ನೀರಿಗೆ ಹಾಕಿ ತೆಗೆಯಬೇಕು. ಹಾಲನ್ನು ಕರೆದ ಕೂಡಲೇ ಬಿಡಬೇಕು, ಉಳಿದದ್ದನ್ನು ಇಡಬಾರದು. ತಾಯಿಗಾಗಲಿ ಕೂಸಿಗಾಗಲಿ ಜ್ವರ ಇರಬಾರದು. ಹಾಲು ನಮ್ಮ ಬೀದಿಯದೇ ಆಗಿರಬೇಕು, ನೆಂಟರ ಮನೆಗೆ ಬಂದ ಬಾಣಂತಿಯದಾದರೆ ಬೇಡ. ಇದು ಯಾಕೆ ಎಂದು ಅವರಿಗೂ ಗೊತ್ತಿರಲಿಲ್ಲ. ಹೊಸ ಬಾಣಂತಿಯರು ನಾಚಿಕೊಂಡು ಮುಖ ತಿರುಗಿಸಿದರೆ ಬಿಡುತ್ತಿರಲಿಲ್ಲ. "ಎಲ್ಡು ತೊಟ್ಟು ಕಮ್ಮಿ ಕುಡುದ್ರೆ ನಿನ್ ಮಗ ಪೈಲ್ವಾನ ಆಗಾಕಿಲ್ವಾ? ಕೊಡವ್ವ ಸಾಕು" ಎಂದು ನಗಿಸಿ ಪಡೆಯುತ್ತಿದ್ದರು. ಸಂಜೆ ಆ ಮನೆಗೆ ತಮ್ಮ ಹಸುವಿನ ಹಾಲು ಒಂದು ಚೆಂಬು ತಪ್ಪದೆ ಹೋಗುತ್ತಿತ್ತು.

ಮದ್ರಾಸ್ ಐ ಬಂದ ವರ್ಷ ಇಡೀ ಬೀದಿಗೆ ಕಪ್ಪು ಕನ್ನಡಕ ಬಂತು. ಡೈರಿಗೆ ಹಾಲು ಹಾಕಲು ನಿಂತಿದ್ದ ಸಾಲನ್ನು ನೋಡಿ ದೊಡ್ಡವ್ವ, "ಎಲ್ಲಾ ಸಿನ್ಮಾದೋರು ಬಂದವ್ರೆ, ಅಸಾ ಕರ್ಯೋರು ಯಾರೂ ಕಾಣ್ರು" ಎಂದಿದ್ದರು. ಆ ವಾರವೆಲ್ಲ ಅವರ ಒಲೆಯ ಮೇಲೆ ಒಳಲೆ ಕುದಿಯುತ್ತಲೇ ಇತ್ತು. ನನ್ನ ಕಣ್ಣಿಗೂ ಬಿಟ್ಟರು. ಬೆಚ್ಚಗಿತ್ತು, ಸ್ವಲ್ಪ ಅಂಟಂಟು. ಅದರಿಂದಲೇ ವಾಸಿಯಾಯಿತೋ, ಹೇಗೂ ವಾಸಿಯಾಗುತ್ತಿತ್ತೋ ಹೇಳಲಾರೆ.

ನಾನು ಮೈಸೂರಿನಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಎಂ.ಎಸ್ಸಿ.ಗೆ ಸೇರಿದೆ. ದಿನವೂ ಅರಕೆರೆಯಿಂದ ಶ್ರೀರಂಗಪಟ್ಟಣ, ಅಲ್ಲಿಂದ ಮೈಸೂರು. ಹುಡುಗಿ ಏನು ಓದುತ್ತಾಳೆಂದು ಊರಿನಲ್ಲಿ ಯಾರೂ ಕೇಳುತ್ತಿರಲಿಲ್ಲ. ಕೇಳದಿದ್ದದ್ದು ನನಗೂ ಹಿತವಾಗಿತ್ತು. ಕೇಳಿದವರು ದೊಡ್ಡವ್ವ ಒಬ್ಬರೇ. ಅವರೆಕಾಯಿ ಕಾಲ. ಜಗಲಿಯ ಮೇಲೆ ಕಾಯಿ ಸುಲಿಯುತ್ತ ಕುಳಿತಿದ್ದರು, ನಾನೂ ಒಂದು ಹಿಡಿ ಎತ್ತಿಕೊಂಡೆ. ಅಂದು ತರಗತಿಯಲ್ಲಿ ಆಗಿದ್ದ ಪಾಠವನ್ನೇ ಹೇಳಿದೆ.

ನಮ್ಮ ಮೈ ಹೊರಗಿನದಕ್ಕೆ ತೆರೆದಿರುವ ಕಡೆಯಲ್ಲೆಲ್ಲ, ಕಣ್ಣು, ಮೂಗು, ಬಾಯಿ, ಕರುಳು, ಒದ್ದೆಯಾದ ತೆಳು ಪೊರೆ ಇದೆ. ರೋಗಾಣುಗಳು ಹೆಚ್ಚಾಗಿ ಒಳನುಗ್ಗುವುದು ಅಲ್ಲಿಂದಲೇ. ಅದಕ್ಕೇ ಆ ಪೊರೆಯ ಕೆಳಗಿನ ಜೀವಕೋಶಗಳು ಒಂದು ಬಗೆಯ ಪ್ರತಿಕಾಯಗಳನ್ನು ತಯಾರಿಸಿ ಮೇಲಿನ ತೇವಕ್ಕೆ ಬಿಡುತ್ತವೆ. ಕಣ್ಣೀರಿನಲ್ಲಿ, ಎಂಜಲಿನಲ್ಲಿ, ತಾಯಿಯ ಹಾಲಿನಲ್ಲಿ ಅವು ಇರುತ್ತವೆ. ಹೆಚ್ಚಿನ ಸಲ ಅವು ರೋಗಾಣುವನ್ನು ಕೊಲ್ಲುವುದಿಲ್ಲ. ಅದನ್ನು ಸುತ್ತುವರಿದು ಪೊರೆಗೆ ಅಂಟದಂತೆ ತಡೆಯುತ್ತವೆ. ಅಂಟಲಾರದ್ದು ನೀರಿನ ಜೊತೆ ತೊಳೆದುಹೋಗುತ್ತದೆ.

ದೊಡ್ಡವ್ವ ಯೋಚಿಸಿದರು. "ಅಂದ್ರೆ ಒಡಿಯಾಕಿಲ್ಲ, ಕೂರಾಕ್ ಬುಡಾಕಿಲ್ಲ. ಬಸ್ಸಲ್ಲಿ ಸೀಟ್ಗೆ ಟವಲ್ ಆಕ್ದಂಗೆ."

ಇದಕ್ಕಿಂತ ಚೆನ್ನಾಗಿ ನಮ್ಮ ತರಗತಿಯಲ್ಲಿ ಯಾರೂ ಹೇಳಿರಲಿಲ್ಲ. ನನಗೆ ಹುರುಪು ಬಂತು. ತಾಯಿ ಯಾವ ರೋಗಾಣುಗಳನ್ನು ಎದುರಿಸಿರುತ್ತಾಳೋ ಅವಕ್ಕೆ ಹೊಂದುವ ಪ್ರತಿಕಾಯಗಳು ಅವಳ ಹಾಲಿನಲ್ಲಿರುತ್ತವೆ, ಒಂದೇ ಬೀದಿಯವರು ಎದುರಿಸುವ ರೋಗಾಣುಗಳೂ ಹೆಚ್ಚುಕಡಿಮೆ ಒಂದೇ ಎಂದೆ. ಅವರ ಮುಖ ಅರಳಿತು. "ಅದ್ಕೇಯಾ ನಮ್ಮವ್ವ ಬ್ಯಾರೆ ಊರ್ನ ಹಾಲು ಬ್ಯಾಡ ಅಂತಿದ್ದುದ್ದು!" ಎಂದರು. ಅವರ ತಾಯಿಗೆ ಇದೇ ಕಾರಣ ಗೊತ್ತಿತ್ತೆಂದು ನಾನು ನಂಬುವುದಿಲ್ಲ. ಆದರೆ ಆಗ ಇಬ್ಬರಿಗೂ ಹಾಗೆ ನಂಬುವುದು ಇಷ್ಟವಾಗಿತ್ತು.

ಆಮೇಲೆ ಅವರ ಕೈ ನಿಂತಿತು. ಸುಲಿದ ಕಾಯಿಯನ್ನು ಬೆರಳುಗಳ ನಡುವೆ ಹಿಡಿದುಕೊಂಡೇ, ನನ್ನನ್ನು ನೋಡದೆ, ಕೇಳಿದರು.

"ಗಾಯಕ್ಕೂ ಆಯ್ತದಾ ಮಗ?"

ನನಗೆ ಗೊತ್ತಿರಲಿಲ್ಲ. ಆ ಪಾಠದಲ್ಲಿ ಅದು ಇರಲಿಲ್ಲ. ಗೊತ್ತಿಲ್ಲ ಎಂದು ಹೇಳಲು ಒಂದು ಕ್ಷಣ ಬೇಕಿತ್ತು, ಆ ಕ್ಷಣ ನನ್ನಲ್ಲಿತ್ತು. ಜೀವನದಲ್ಲಿ ಮೊದಲ ಸಲ ಒಬ್ಬರು ನನ್ನ ಓದನ್ನು ಅಷ್ಟು ಗಮನವಿಟ್ಟು ಕೇಳುತ್ತಿದ್ದರು. "ಆಗುತ್ತೆ ದೊಡ್ಡವ್ವ" ಎಂದೆ.

ಅವರು ಉಳಿದ ಕಾಯಿಯನ್ನೆಲ್ಲ ಸುಲಿದು ಮುಗಿಸಿದರು. ಏಳುವಾಗ ನನ್ನ ತಲೆಯ ಮೇಲೆ ಕೈ ಇಟ್ಟರು. ಅವರು ಹಾಗೆ ಮಾಡುವವರಲ್ಲ. ಯಾಕೆಂದು ನನಗೆ ಆಗ ತಿಳಿಯಲಿಲ್ಲ.

ಎರಡು ವಾರ ಕಳೆದು ಒಂದು ಸೋಮವಾರ, ಕಣದಲ್ಲಿ ಭತ್ತ ಬಡಿಯುವಾಗ ನನ್ನವ್ವನ ಎಡಗಣ್ಣಿಗೆ ತೆನೆಯ ಮೊನೆ ಚುಚ್ಚಿತು. ನಾನು ಮೈಸೂರಿಗೆ ಹೊರಟು ನಿಂತಿದ್ದೆ. ಅವ್ವ ಕಣ್ಣು ಮುಚ್ಚಿಕೊಂಡೇ ಬಂದು ಕೊಟ್ಟಿಗೆಯ ಮುಂದೆ ನಿಂತಳು. ದೊಡ್ಡವ್ವ ರೆಪ್ಪೆ ಎತ್ತಿ ನೋಡಿದರು. ಏನ್ ತಾಗ್ತು ಎಂದರು. ತೆನೆ ಎಂದಳು ಅವ್ವ. ಜೊತೆಗೆ, ಕಣದಲ್ಲಿ ಆಳುಗಳಿದ್ದಾರೆ, ಒಕ್ಕಣೆ ಮುಗಿಯುವವರೆಗೆ ಎಲ್ಲಿಗೂ ಬರಲು ಆಗುವುದಿಲ್ಲ ಎಂದೂ ಹೇಳಿದಳು.

ಎಂದಿನಂತಾದರೆ ದೊಡ್ಡವ್ವ ಆಗಲೇ ರಸ್ತೆಯ ಕಡೆ ಹೆಜ್ಜೆ ಹಾಕಿರಬೇಕಿತ್ತು. ಅಂದು ಹಾಕಲಿಲ್ಲ. ನನ್ನ ಕಡೆ ತಿರುಗಿದರು.

"ಆಯ್ತದೆ ಅಂದಿದ್ದಲ್ಲ ಮಗ ನೀನು?"

ನಾನು ಹೂಂ ಎಂದು ತಲೆಯಾಡಿಸಿದೆ. ಬಸ್ಸಿಗೆ ಹೊತ್ತಾಗಿತ್ತು.

ಮಂಗಳವಾರ ಅವ್ವನ ಕಣ್ಣು ಹೆಚ್ಚು ಕೆಂಪಾಗಿತ್ತು. ಬುಧವಾರ ಬೆಳಕು ನೋಡಲು ಆಗುತ್ತಿರಲಿಲ್ಲ, ಆದರೂ ಕಣಕ್ಕೆ ಹೋದಳು. ದೊಡ್ಡವ್ವ ದಿನಕ್ಕೆ ಮೂರು ಸಲ ಹಾಲು ಬಿಡುತ್ತಿದ್ದರು, ನಾನು ಮನೆಯಲ್ಲಿದ್ದಾಗಲೆಲ್ಲ ನನ್ನನ್ನು ನೋಡುತ್ತಿದ್ದರು. ಅವರ ನೋಟದಲ್ಲಿ ಅನುಮಾನ ಇರಲಿಲ್ಲ. ಅದೇ ನನ್ನನ್ನು ಹೆದರಿಸುತ್ತಿತ್ತು. ತರಗತಿಯಲ್ಲಿ ಕುಳಿತರೆ ಅಕ್ಷರಗಳು ನಿಲ್ಲುತ್ತಿರಲಿಲ್ಲ. ಅನ್ನ ತಿನ್ನುವಾಗ ನನ್ನ ಎಡಗಣ್ಣನ್ನು ಮುಚ್ಚಿ ಲೋಕ ಹೇಗೆ ಕಾಣುತ್ತದೆ ಎಂದು ನೋಡುತ್ತಿದ್ದೆ.

ಗುರುವಾರ ಗ್ರಂಥಾಲಯಕ್ಕೆ ಹೋಗಿ ಪುಸ್ತಕ ತೆಗೆದೆ. ಎರಡು ವಾರ ಮೊದಲೇ ಹೋಗಬಹುದಿತ್ತು. ಈ ಪ್ರತಿಕಾಯಗಳ ಕೆಲಸ ಪೊರೆಯ ಮೇಲೆ, ಪೊರೆ ಹರಿಯದೆ ಇರುವವರೆಗೆ. ಹರಿದ ಜಾಗದಲ್ಲಿ ರೋಗಾಣು ನೇರವಾಗಿ ಒಳಗೇ ಇಳಿದಿರುತ್ತದೆ. ಅದರಲ್ಲೂ ಗಿಡದ ಮೊನೆ ಕಣ್ಣಿಗೆ ಚುಚ್ಚಿದರೆ ಅದರ ಜೊತೆ ಶಿಲೀಂಧ್ರ ಒಳಸೇರಬಹುದು, ಅದು ನಿಧಾನವಾಗಿ ಬೆಳೆಯುತ್ತದೆ, ಮೊದಲ ದಿನಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ಇನ್ನೊಂದು ಪುಟ ಓದಲು ನನಗೆ ಧೈರ್ಯ ಬರಲಿಲ್ಲ. ಪುಸ್ತಕವನ್ನು ಮೇಜಿನ ಮೇಲೇ ಬಿಟ್ಟು ಬಸ್ ನಿಲ್ದಾಣಕ್ಕೆ ಓಡಿದೆ.

ಶ್ರೀರಂಗಪಟ್ಟಣದಲ್ಲಿ ಅರಕೆರೆಯ ಬಸ್ಸು ಹೊರಟುಹೋಗಿತ್ತು. ಮುಂದಿನದಕ್ಕೆ ಮುಕ್ಕಾಲು ಗಂಟೆ ಕಾದೆ. ದಾರಿಯುದ್ದಕ್ಕೂ ಗದ್ದೆಗಳಲ್ಲಿ ಕಟಾವು, ಕಣಗಳಲ್ಲಿ ಬಡಿತ. ಮನೆ ತಲುಪಿದಾಗ ಹೊತ್ತು ಇಳಿಯುತ್ತಿತ್ತು. ಅವ್ವನನ್ನು ಹೊರಗೆ ಕರೆದು ರೆಪ್ಪೆ ಎತ್ತಿದೆ. ಕಪ್ಪುಗುಡ್ಡೆಯ ಮೇಲೆ ಸಾಸಿವೆಯಷ್ಟು ಬಿಳಿ.

ಶುಕ್ರವಾರ ಮೊದಲ ಬಸ್ಸಿಗೆ ಮೂವರೂ ಮೈಸೂರಿನ ಕಣ್ಣಿನ ಆಸ್ಪತ್ರೆಗೆ ಹೋದೆವು. ದೊಡ್ಡವ್ವನನ್ನು ಬರಬೇಡಿ ಎಂದರೂ ಕೇಳಲಿಲ್ಲ. ವೈದ್ಯರು ದೀಪ ಹಾಕಿ ನೋಡಿ, ಯಾವಾಗ ತಾಗಿದ್ದು, ಏನು ಹಾಕಿದಿರಿ ಎಂದು ವಿಚಾರಿಸಿದರು. ಅವ್ವ ಹೇಳಿದಳು. ಅವರು ತಲೆ ಎತ್ತಿದರು.

"ಯಾರು ಹಾಕಿದ್ದು ಇದನ್ನ?"

ನಾನು ಬಾಯಿ ತೆರೆಯುವುದರೊಳಗೆ ಎಂದು ಬರೆಯಬಹುದು, ಆದರೆ ಅದು ನಿಜವಲ್ಲ. ನನಗೆ ಬೇಕಾದಷ್ಟು ಸಮಯವಿತ್ತು.

"ನಾನೇ ಸಾಮಿ" ಎಂದರು ದೊಡ್ಡವ್ವ. "ಗೊತ್ತಿಲ್ದೆ ಆಕ್ಬುಟ್ಟೆ."

ವೈದ್ಯರು ಅವರನ್ನು ಚೆನ್ನಾಗಿಯೇ ಬೈದರು. ನಿಮ್ಮಂಥವರಿಂದಲೇ ಊರೂರಲ್ಲಿ ಕಣ್ಣು ಹೋಗುತ್ತಿರುವುದು ಎಂದರು. ದೊಡ್ಡವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಮಡಚಿಕೊಂಡು ನೆಲ ನೋಡುತ್ತ ನಿಂತಿದ್ದರು. ನಾನು ಗೋಡೆಯ ಮೇಲಿದ್ದ ಅಕ್ಷರಗಳ ಪಟ ನೋಡುತ್ತ ನಿಂತಿದ್ದೆ.

ಕಣ್ಣಿನಿಂದ ಕೆರೆದು ತೆಗೆದದ್ದನ್ನು ಗಾಜಿನ ಮೇಲೆ ಹಾಕಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರು. ನಾನು ಏನು ಓದುತ್ತಿದ್ದೇನೆಂದು ತಿಳಿದ ಮೇಲೆ ನೋಡಲು ಬಿಟ್ಟರು. ಕವಲೊಡೆದ ತೆಳ್ಳನೆಯ ಎಳೆಗಳು. ಯಾರೂ ಹೇಳಿಕೊಡಬೇಕಾಗಿರಲಿಲ್ಲ. ವೈದ್ಯರ ದನಿ ಈಗ ಇಳಿದಿತ್ತು. "ಹಾಲಿಂದ ಆಗಿದ್ದಲ್ಲ ಇದು. ತೆನೆ ಜೊತೆ ಬಂದಿದ್ದು. ಆದರೆ ನಾಲ್ಕು ದಿನ ಹೋಯ್ತಲ್ಲ" ಎಂದರು. ಆಮೇಲೆ, "ಓದಿದವರು ಮನೆಯಲ್ಲಿದ್ದೂ ಹೀಗೆ ಮಾಡಿದರಲ್ಲ" ಎಂದರು.

ವಾಪಸು ಬರುವಾಗ ಅವ್ವ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕಿಟಕಿಯ ಪಕ್ಕ ಒರಗಿದ್ದಳು. ಹಿಂದಿನ ಸೀಟಿನಲ್ಲಿ ದೊಡ್ಡವ್ವ, ನಾನು. ತಾವಾಗಿಯೇ ಮಾತು ತೆಗೆದರು. ಮದುವೆಯಾಗಿ ಬಂದ ವರ್ಷ ಅವರ ಮಾವನ ಕಣ್ಣಿಗೆ ಕಬ್ಬಿನ ಸೋಗೆ ಕುಯ್ದಿತ್ತು. ದೇವಲಾಪುರದಲ್ಲಿ ಗದ್ದೆಯೂ ಇಲ್ಲ, ಕಬ್ಬೂ ಇಲ್ಲ, ಧೂಳಿನ ಕಣ್ಣುನೋವು ಬಿಟ್ಟರೆ ಬೇರೆ ಗೊತ್ತಿಲ್ಲ. ಒಳಲೆ ಹಿಡಿದು ವಾರವೆಲ್ಲ ಹಾಲು ಬಿಟ್ಟರು. ಆ ಕಣ್ಣು ಪೂರ್ತಿ ಹೋಯಿತು. ಮಾವ ಒಂದು ದಿನವೂ ಬೈಯಲಿಲ್ಲ. ಬದುಕಿದ್ದಷ್ಟು ಕಾಲ ಸೊಸೆಯನ್ನು ಡಾಕ್ಟ್ರಮ್ಮ ಎಂದು ಕರೆದರು. ಡಾಕ್ಟ್ರಮ್ಮ ಮುದ್ದೆ ಇಕ್ಕು, ಡಾಕ್ಟ್ರಮ್ಮ ಸಾರು ಬುಡು. ಅದು ಪ್ರೀತಿಯೋ ಚುಚ್ಚುಮಾತೋ ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ಅಂದಿನಿಂದ ಅವರ ಬಾಯಿಗೆ ಆ ಪ್ರಶ್ನೆ ಬಂತು: ಏನ್ ತಾಗ್ತು?

"ನೀನ್ ಆಯ್ತದೆ ಅಂದ್ಯಲ್ಲ ಮಗ, ಆವತ್ತು ನಂಗೆ ಎಂಗಾಯ್ತು ಗೊತ್ತಾ. ಅಂಗಾದ್ರೆ ನಮ್ ಮಾವುನ್ ಕಣ್ಣ ನಾನ್ ಕಳೀಲಿಲ್ಲ ಅಂತ."

ಜಗಲಿಯ ಮೇಲೆ ನನ್ನ ತಲೆ ಮುಟ್ಟಿದ ಕೈ ಈಗ ಅವರ ಮಡಿಲಲ್ಲಿ ಮಲಗಿತ್ತು. ವೈದ್ಯರು ಹೇಳಿದ್ದನ್ನು ಅವಸರವಾಗಿ ಹೇಳಿದೆ. ಹಾಲಿನಿಂದ ಆಗಿದ್ದಲ್ಲವಂತೆ, ದಿನ ಕಳೆದದ್ದರಿಂದ ಆಗಿದ್ದಂತೆ.

"ಹಾಲ್ ಬುಟ್ಟಿದ್ಕೇ ಅಲ್ವಾ ಮಗ, ದಿನ ಕಳ್ದಿದ್ದು" ಎಂದರು ದೊಡ್ಡವ್ವ.

ಗಂಟೆಗೊಂದು ಸಲ ಕಣ್ಣಿಗೆ ಔಷಧಿ ಬಿಡಬೇಕಿತ್ತು. ನಾನು ಮೈಸೂರಿಗೆ ಹೋದ ಮೇಲೆ ಅದನ್ನು ದೊಡ್ಡವ್ವ ವಹಿಸಿಕೊಂಡರು. ಅವರಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ, ನಮ್ಮೂರ ರಸ್ತೆಯಲ್ಲಿ ಹಾದುಹೋಗುವ ಬಸ್ಸುಗಳು ಗೊತ್ತಿದ್ದವು. ಯಾವ ಬಸ್ಸಿಗೆ ಹನಿ, ಯಾವುದಕ್ಕೆ ಇಲ್ಲ ಎಂದು ಒಂದು ಸಂಜೆ ನನ್ನ ಜೊತೆ ಕುಳಿತು ಬಾಯಿಪಾಠ ಮಾಡಿಕೊಂಡರು. ಬಸ್ಸು ತಡವಾದರೆ ರಸ್ತೆಗೆ ಬಂದು ನಿಂತು ದಾರಿಹೋಕರನ್ನು ಹೊತ್ತು ಕೇಳುತ್ತಿದ್ದರಂತೆ. ನಾನು ತರಗತಿಯಲ್ಲಿ ಗಂಟೆಗೊಮ್ಮೆ ಕೈಗಡಿಯಾರ ನೋಡಿಕೊಳ್ಳುತ್ತಿದ್ದೆ. ಬಿಟ್ಟಿರುತ್ತಾರೆ, ಬಿಟ್ಟಿರುತ್ತಾರೆ ಎಂದುಕೊಳ್ಳುತ್ತಿದ್ದೆ.

ಕಣ್ಣು ಉಳಿಯಿತು, ನೋಟ ಪೂರ್ತಿ ಉಳಿಯಲಿಲ್ಲ. ಬಿಳಿ ಕಲೆ ನಿಂತಿತು. ಆ ಕಣ್ಣಿನಲ್ಲಿ ಅವ್ವನಿಗೆ ಜನ ಕಾಣುತ್ತಾರೆ, ಮುಖ ಕಾಣುವುದಿಲ್ಲ. ಬೀದಿಯವರು ಅದನ್ನು ದೊಡ್ಡವ್ವನ ಲೆಕ್ಕಕ್ಕೇ ಬರೆದರು. ಅವರು ಬೇಡ ಎನ್ನಲಿಲ್ಲ. ಒಳಲೆ ಮತ್ತೆ ಕೆಲವು ತಿಂಗಳು ಹೊರಗೆ ಬರಲಿಲ್ಲ. ಬಂದ ಮೇಲೆ ಪ್ರಶ್ನೆಯನ್ನು ಎರಡೆರಡು ಸಲ ಕೇಳತೊಡಗಿದರು.

ನನ್ನ ಜೊತೆ ಮೊದಲಿನಂತೆಯೇ ಇದ್ದರು. ಒಂದೇ ಒಂದು ಬದಲಾಗಿತ್ತು. ನಾನು ಏನಾದರೂ ಹೇಳಿದರೆ, ಮಳೆ ಬರುತ್ತದೆ ಎಂದರೂ ಸರಿ, ಹಸುವಿಗೆ ಈ ಔಷಧಿ ಕೊಡಬಹುದು ಎಂದರೂ ಸರಿ, ಕತ್ತು ವಾಲಿಸಿ ಕೇಳುತ್ತಿದ್ದರು: "ಗೊತ್ತಾ ಮಗ, ಇಲ್ಲ ಅಂಗಂದ್ಕಂಡಿದ್ದೀಯಾ?" ಅದರಲ್ಲಿ ಕೊಂಕು ಇರಲಿಲ್ಲ. ತಿಳಿದುಕೊಳ್ಳಲೆಂದೇ ಕೇಳುತ್ತಿದ್ದರು. ಈಗ ಮಂಡ್ಯದ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ವರದಿಗೆ ಸಹಿ ಹಾಕುವ ಮೊದಲು ಮತ್ತೊಮ್ಮೆ ಗಾಜು ನೋಡುತ್ತೇನೆ. ಕೆಲವು ಸಲ ಮೂರನೆಯ ಸಲವೂ ನೋಡುತ್ತೇನೆ. ಜೊತೆಯವರು ನಗುತ್ತಾರೆ.

ಹನ್ನೊಂದನೇ ದಿನದ ತಿಥಿಗೆ ಊರಿಗೆ ಹೋಗಿದ್ದೆ. ಹಿತ್ತಿಲಲ್ಲಿ ಹೆಂಗಸರು ಈರುಳ್ಳಿ ಹೆಚ್ಚುತ್ತಿದ್ದರು, ಅವ್ವನೂ ಇದ್ದಳು. ಎದುರುಮನೆಯಾಕೆ ಸತ್ತವರನ್ನು ಹೊಗಳುತ್ತ, ಒಳ್ಳೇ ಜೀವ, ಆದರೂ ಇವಳ ಕಣ್ಣೊಂದನ್ನು ತೆಗೆದುಬಿಟ್ಟಳು ಎಂದರು.

ನಾನು ಹೇಳಿದೆ. ದೊಡ್ಡವ್ವ ಬಸ್ ಹತ್ತಿಸುವವರಿದ್ದರು, ನನ್ನನ್ನು ಕೇಳಿದರು, ಆಗುತ್ತದೆ ಎಂದವಳು ನಾನು, ನನಗೆ ಗೊತ್ತಿರಲಿಲ್ಲ. ಎದುರುಮನೆಯಾಕೆ, ಬುಡವ್ವ ಈಗ್ಯಾಕೆ ಅದು ಎಂದು ಕಣ್ಣೊರೆಸಿಕೊಂಡರು, ಈರುಳ್ಳಿಗೋ ಏನೋ.

ಅವ್ವ ತಲೆ ಎತ್ತಲಿಲ್ಲ. ಹೆಚ್ಚುವುದನ್ನೂ ನಿಲ್ಲಿಸಲಿಲ್ಲ.

"ಆಸ್ಪತ್ರೇಲಿ ಇದ್ನ ಏಳ್ಬೇಕಿತ್ತು ನೀನು" ಎಂದಳು. "ಅವ್ಳು ನಿನ್ ಪಕ್ಕದಲ್ಲೇ ನಿಂತಿದ್ಲು."

ಊಟದ ಮೇಲೆ ದೊಡ್ಡವ್ವನ ಸೊಸೆ ಒಳಲೆಯನ್ನು ತಂದು ನನ್ನ ಕೈಗಿಟ್ಟಳು. ಅವಳದು ಎಳೆಯ ಕೂಸು. ಅತ್ತೆ ನಿಮಗೆ ಕೊಡಲು ಹೇಳಿದ್ದರು ಎಂದಳು. ಯಾಕೆ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ಅಷ್ಟರಲ್ಲಿ ಹಿಂದಿನ ಬೀದಿಯ ಹೆಂಗಸೊಬ್ಬಳು ಸೆರಗಿನಿಂದ ಕಣ್ಣು ಒತ್ತಿಕೊಂಡು ಬಂದಳು. ಎರಡು ದಿನದಿಂದ ಉರಿಯುತ್ತಿದೆಯಂತೆ. ಅಭ್ಯಾಸದಿಂದ ಕಾಲು ಇಲ್ಲಿಗೇ ಬಂದಿತ್ತು. ಎಲ್ಲರೂ ನನ್ನನ್ನು, ನನ್ನ ಕೈಯಲ್ಲಿದ್ದುದನ್ನು ನೋಡಿದರು.

ಅವಳನ್ನು ಬಿಸಿಲಿಗೆ ನಿಲ್ಲಿಸಿ ರೆಪ್ಪೆ ಎತ್ತಿದೆ. ಕೆಂಪು ಬಿಟ್ಟರೆ ನನಗೇನೂ ಕಾಣಲಿಲ್ಲ. ಏನು ತಾಗಿತು ಎಂದು ಕೇಳಿದೆ.

"ಏನೂ ಇಲ್ಲ ಕಣವ್ವ. ಮೊನ್ನೆ ಸೋಗೆ ಕಟ್ತಿದ್ದೆ. ತಾಗ್ತೋ ಇಲ್ವೋ, ಗ್ಯಾನ ಇಲ್ಲ."

"ಹಾಲ್ ಬುಡಾನ ಅಕ್ಕ?" ಎಂದಳು ಸೊಸೆ, ಕೂಸನ್ನು ಇನ್ನೊಂದು ತೋಳಿಗೆ ಬದಲಿಸುತ್ತ. "ನೀವ್ ಓದಿದ್ದೀರಲ್ಲ, ಏಳಿ, ಆಯ್ತದಾ?"

"ನನಗೆ ಗೊತ್ತಿಲ್ಲ" ಎಂದೆ. ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು.

ಒಳಲೆಯನ್ನು ಸೊಸೆಯ ಕೈಗೆ ಕೊಟ್ಟು ಆ ಹೆಂಗಸಿನ ತೋಳು ಹಿಡಿದು ರಸ್ತೆಗೆ ಬಂದೆ. ಸಂಜೆ ಬರುತ್ತೇನೆ, ಮನೆಯಲ್ಲಿ ಹೇಳಿ ಬಂದಿಲ್ಲ ಎಂದು ಅವಳು ಗೊಣಗುತ್ತಲೇ ಇದ್ದಳು. ದೂರದಲ್ಲಿ ಶ್ರೀರಂಗಪಟ್ಟಣದ ಬಸ್ಸು ಕಾಣಿಸಿತು. ಡ್ರೈವರಿಗೆ ನನ್ನ ಗುರುತಿರಲಿಲ್ಲ, ಬಸ್ಸು ವೇಗವಾಗಿಯೇ ಬರುತ್ತಿತ್ತು. ಕೈ ಎತ್ತಿದೆ. ಅದು ನಿಲ್ಲುವವರೆಗೂ ಇಳಿಸಲಿಲ್ಲ.